ಮೂರನೇ ಕೂಳೆ ನೋಡಿ ಆರಿಸಿ: ಮಂಡ್ಯದ ಒಂದೆಕರೆ ಕಬ್ಬಿಗೆ ಮೊದಲು ಯಾವುದು?

ವಿಶ್ವೇಶ್ವರಯ್ಯ ನಾಲೆ ಬಯಲಿನ ಯಾವ ಊರಿಗಾದರೂ ಹೋಗಿ, ಅರಳಿಕಟ್ಟೆ ಮೇಲೆ ಕೂತವರನ್ನು "ಹೆಂಗಣ್ಣ ಈ ಸಲ ಕಬ್ಬು?" ಅಂತ ಕೇಳಿ. "ತನಿ ಬೆಳೆ ಐವತ್ತು ಟನ್ ಹೊಡೀತು ಕಣಪ್ಪ" ಎಂಬ ಉತ್ತರ ತಡವಿಲ್ಲದೆ ಬರುತ್ತದೆ. ತನಿ ಎಂದರೆ ಹೊಸದಾಗಿ ನೆಟ್ಟ ಬೆಳೆ, ಕೂಳೆ ಎಂದರೆ ಕಡಿದ ಬುಡದಿಂದ ಮತ್ತೆ ಚಿಗುರಿ ಬರುವ ಬೆಳೆ. "ಕೂಳೆ?" ಅಂದರೆ ಮಾತು ಮಳೆಗೆ, ನಾಲೆ ನೀರಿಗೆ, ಆಳಿನ ಕೂಲಿಗೆ ಹೊರಳುತ್ತದೆ. ಮೂರನೇ ಕೂಳೆ ಉಳಿಸಿಕೊಂಡವರು ಯಾರಿದ್ದಾರೆ ಎಂದು ಕೇಳಿದರೆ ಒಬ್ಬಿಬ್ಬರು ಕೈ ಎತ್ತುತ್ತಾರೆ.

ಈ ಬರಹದಲ್ಲಿ ಎಲ್ಲವನ್ನೂ ಆ ಮೂರನೇ ಕೂಳೆಯನ್ನೇ ಅಳತೆಗೋಲು ಮಾಡಿಕೊಂಡು ನೋಡುತ್ತೇನೆ. ತನಿ ಬೆಳೆಯಲ್ಲಿ ಹೊಸ ಬಿತ್ತನೆ, ಆಳದ ಉಳುಮೆ, ಕೊಟ್ಟಿಗೆ ಗೊಬ್ಬರ ಎಲ್ಲ ಸೇರಿ ನೆಲದ ಕೊರತೆಯನ್ನು ಮುಚ್ಚಿಬಿಡುತ್ತವೆ. ಗಟ್ಟಿಯಾದ ಮಣ್ಣು, ಬಿತ್ತನೆಯ ಜೊತೆ ಬಂದ ರೋಗ, ಕಡಿಮೆಯಾದ ಸಾವಯವ ಇಂಗಾಲ ಇವೆಲ್ಲ ಬಯಲಾಗುವುದು ಕೂಳೆಯಲ್ಲಿ. ಬಿತ್ತನೆಯ ಖರ್ಚೂ ಉಳುಮೆಯ ಖರ್ಚೂ ಇಲ್ಲದೆ ಬರುವ ಬೆಳೆ ಅದು. ನಾಲ್ಕು ಕಾಸು ಕೈಯಲ್ಲಿ ಉಳಿಯುವುದೂ ಅಲ್ಲೇ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಎಕರೆ, ಒಂದೂವರೆ ಎಕರೆ ಇದ್ದು ಕೈಯಲ್ಲಿ ದುಡ್ಡು ಕಮ್ಮಿ ಇದ್ದರೆ ಸರದಿ ಹೀಗಿರಲಿ: ಮೊದಲು ತರಗು, ಅಂದರೆ ಕಟಾವಾದ ಮೇಲೆ ಗದ್ದೆಯಲ್ಲಿ ಉಳಿಯುವ ಒಣ ಎಲೆ, ಸುಡುವುದನ್ನು ನಿಲ್ಲಿಸಿ, ಆಮೇಲೆ ಬಿತ್ತನೆಯನ್ನೂ ಸಾಲಿನ ಅಂತರವನ್ನೂ ಬದಲಿಸಿ, ಆಮೇಲೆ ತಳಿ ನೋಡಿ, ಹನಿ ನೀರಾವರಿ ಕೊನೆಗೆ ಬರಲಿ. ನಮ್ಮ ಕಡೆ ಬಹಳ ಜನ ಇದನ್ನು ತಿರುವುಮುರುವು ಮಾಡುತ್ತಾರೆ. ಸಹಾಯಧನ ಸಿಕ್ಕಿತೆಂದು ಮೊದಲು ಪೈಪು ತರುತ್ತಾರೆ, ಕಟಾವಾದ ಮೇಲೆ ತರಗಿಗೆ ಬೆಂಕಿ ಇಡುತ್ತಾರೆ, ಬೆಂಕಿಯಲ್ಲಿ ಪೈಪೂ ಹೋಗುತ್ತದೆ.

ತರಗು: ಸುಡುವುದೋ, ಹೊದಿಸುವುದೋ

ಸುಡುವವರ ಕಡೆಯ ನ್ಯಾಯವನ್ನು ಮೊದಲು ಹೇಳಬೇಕು. ಕಡ್ಡಿ ಗೀರಿದರೆ ಒಂದು ಗಂಟೆಯಲ್ಲಿ ಗದ್ದೆ ಚೊಕ್ಕಟವಾಗುತ್ತದೆ. ಇಲಿ, ಹಾವಿನ ಭಯ ಇರುವುದಿಲ್ಲ. ಹಾಯಿಸಿದ ನೀರು ಸಲೀಸಾಗಿ ಕಡೇ ಮಡಿಯವರೆಗೆ ಹೋಗುತ್ತದೆ. ಕೂಳೆ ಒಂದೇ ಸಮ ಚಿಗುರಿದ ಹಾಗೆ ಕಾಣುತ್ತದೆ. ತರಗು ಎಳೆದು ಹಾಕುವ ಆಳಿನ ಕೂಲಿ ಉಳಿಯುತ್ತದೆ.

ಇನ್ನು ಹೋಗುವುದರ ಲೆಕ್ಕ. ಹೆಕ್ಟೇರಿಗೆ ಸುಮಾರು 8ರಿಂದ 10 ಟನ್ ಒಣ ತರಗು ಬೀಳುತ್ತದೆ, ಎಂದರೆ ಎಕರೆಗೆ ಮೂರರಿಂದ ನಾಲ್ಕು ಟನ್. ಅದರಲ್ಲಿ ಸಾರಜನಕ ಶೇಕಡಾ ಅರ್ಧದ ಆಸುಪಾಸು. ಎಕರೆಗೆ 15 ಕಿಲೋ ಎಂದು ಇಟ್ಟುಕೊಂಡರೂ ಮುಕ್ಕಾಲು ಮೂಟೆ ಯೂರಿಯಾ ಹೊಗೆಯಾಗಿ ಹೋಯಿತು. ಆದರೆ ನನಗೆ ಯೂರಿಯಾಕ್ಕಿಂತ ದೊಡ್ಡ ನಷ್ಟ ಅನ್ನಿಸುವುದು ಇಂಗಾಲದ್ದು. ಯೂರಿಯಾ ಅಂಗಡಿಯಲ್ಲಿ ಸಿಗುತ್ತದೆ. ಮಣ್ಣನ್ನು ಪುಡಿಪುಡಿಯಾಗಿ, ನೀರು ಹಿಡಿಯುವ ಹಾಗೆ ಇಡುವ ಸಾವಯವ ಅಂಶ ಯಾವ ಅಂಗಡಿಯಲ್ಲೂ ಮೂಟೆಯಲ್ಲಿ ಬರುವುದಿಲ್ಲ.

ನಮ್ಮ ಗದ್ದೆಗೂ ಚಿಕ್ಕಪ್ಪನ ಗದ್ದೆಗೂ ನಡುವೆ ಒಂದೇ ಬದು. ಅವರು ಆ ವರ್ಷ ಸುಟ್ಟಿದ್ದರು, ನಾವು ಹೊದಿಸಿದ್ದೆವು. ಯುಗಾದಿ ಕಳೆದು ನಾಲೆ ನೀರು ನಿಂತು ಎರಡು ವಾರವಾಗಿತ್ತು. ಅಪ್ಪ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ನಮ್ಮ ಕಡೆಯ ತರಗನ್ನು ಎರಡೂ ಕೈಯಿಂದ ಎತ್ತಿ ಹಿಡಿದರು. "ಇಲ್ ಕೈ ಇಕ್ಕು ನೋಡು ಮಗ" ಅಂದರು. ಅಡಿಯ ಮಣ್ಣು ತಣ್ಣಗಿತ್ತು, ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುತ್ತಿತ್ತು. ತರಗಿನ ಕೆಳಪದರ ಕಪ್ಪಗಾಗಿ, ಬಿಳಿ ಬೂಜಿನ ಎಳೆಗಳು ಹೆಣೆದುಕೊಂಡು, ಎರೆಹುಳು ಕಕ್ಕಿದ ಸಣ್ಣ ಸಣ್ಣ ಗುಳಿಗೆಯಂಥ ಮಣ್ಣು ಅಂಟಿಕೊಂಡಿತ್ತು. ಬದುವಿನ ಆಚೆ ಬೆಂಕಿಪೊಟ್ಟಣ ತೂರುವಷ್ಟು ಅಗಲದ ಬಿರುಕು. ಚಿಕ್ಕಪ್ಪನೂ ಅವತ್ತು ನೋಡಿದರು. ಮುಂದಿನ ಕಟಾವಿನಿಂದ ಅವರೂ ಸುಟ್ಟಿಲ್ಲ.

ಹೊದಿಸುವುದರಲ್ಲೂ ತಪ್ಪಾಗುತ್ತದೆ, ನಮಗೂ ಆಯಿತು. ಮೊದಲ ಸಲ ಕೂಳೆ ಬುಡದ ಮೇಲೇ ತರಗು ಬಿಟ್ಟೆವು. ಚಿಗುರು ಬೆಳಕಿಲ್ಲದೆ ಬೆಳ್ಳಗೆ ಸುರುಳಿಯಾಗಿ ಮೇಲೆ ಬಂತು, ಎಷ್ಟೋ ಬುಡ ಹಾಗೇ ಕೊಳೆಯಿತು. ಬುಡವನ್ನು ಬಿಡಿಸಿ ತರಗನ್ನು ಎರಡು ಸಾಲಿನ ನಡುವೆ ಎಳೆಯಬೇಕು. ಹಾಯಿ ನೀರಿನ ಗದ್ದೆಯಾದರೆ ಒಂದು ಸಾಲಿಗೆ ತರಗು, ಇನ್ನೊಂದು ಸಾಲು ನೀರಿಗೆ ಖಾಲಿ. ಇನ್ನೊಂದು ವಿಷಯ: ತರಗಿನಲ್ಲಿ ಇಂಗಾಲ ಬಹಳ, ಸಾರಜನಕ ಕಡಿಮೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮೊದಲ ತಿಂಗಳಲ್ಲಿ ಮಣ್ಣಿನ ಸಾರಜನಕವನ್ನೇ ತಿನ್ನುತ್ತವೆ, ಕೂಳೆ ಹಳದಿ ತಿರುಗುತ್ತದೆ. "ತರಗು ಹೊದ್ಸಿದ್ಕೇ ಬೆಳೆ ಹಾಳಾಯ್ತು" ಎಂದು ಜನ ಬಿಟ್ಟುಬಿಡುವುದು ಈ ಹಂತದಲ್ಲಿ. ತರಗಿನ ಮೇಲೆ ಸಗಣಿ ಗಂಜಲದ ನೀರನ್ನೋ ಸ್ವಲ್ಪ ಯೂರಿಯಾವನ್ನೋ ಚೆಲ್ಲಿ, ಕೊಳೆಸುವ ಜೀವಾಣು ಮಿಶ್ರಣ ಸಿಕ್ಕರೆ ಅದನ್ನೂ ಹಾಕಿದರೆ ಈ ತೊಂದರೆ ದಾಟಬಹುದು. ಬೇಸಿಗೆಯಲ್ಲಿ ಸುಳಿ ತಿನ್ನುವ ಕೊರಕದ ಕಾಟವೂ ತರಗು ಹೊದಿಸಿದ ಗದ್ದೆಯಲ್ಲಿ ಕಡಿಮೆ. ಮೊಟ್ಟೆಯಲ್ಲೇ ಕೊರಕವನ್ನು ಕೊಲ್ಲುವ ಟ್ರೈಕೋಗ್ರಾಮ ಕಣಜದ ಕಾರ್ಡುಗಳನ್ನು ಇದರ ಜೊತೆ ಎಲೆಗೆ ಸಿಕ್ಕಿಸಿದರೆ ಔಷಧಿಯ ಡಬ್ಬಿ ತೆಗೆಯುವ ಪ್ರಸಂಗ ಬಹಳ ಕಡಿಮೆಯಾಗುತ್ತದೆ. ಕಾರ್ಡು ಕಟ್ಟಿದ ವಾರದಲ್ಲಿ ಮಾತ್ರ ಔಷಧಿ ಹೊಡೆಯಬಾರದು, ಕಣಜವೂ ಸಾಯುತ್ತದೆ.

ಖರ್ಚು ಅತಿ ಕಡಿಮೆ, ಕೂಳೆಗೆ ಲಾಭ ಅತಿ ಹೆಚ್ಚು. ಅದಕ್ಕೇ ಇದನ್ನು ಮೊದಲಿಗೆ ಇಟ್ಟಿದ್ದೇನೆ.

ಬಿತ್ತನೆ: ಮೂರು ಕಣ್ಣಿನ ತುಂಡೋ, ಟ್ರೇ ಸಸಿಯೋ

ಮೂರು ಕಣ್ಣಿನ ತುಂಡು ನೆಡುವ ಹಳೆಯ ಪದ್ಧತಿಯಲ್ಲಿ ಎಕರೆಗೆ ಮೂರರಿಂದ ನಾಲ್ಕು ಟನ್ ಬಿತ್ತನೆ ಕಬ್ಬು ಮಣ್ಣಿಗೆ ಹೋಗುತ್ತದೆ. ಕಾರ್ಖಾನೆಯ ದರಕ್ಕೇ ಲೆಕ್ಕ ಹಾಕಿದರೂ ಹತ್ತರಿಂದ ಹದಿಮೂರು ಸಾವಿರ ರೂಪಾಯಿ. ಮೊಳೆಯಲು ಬೇಕಾದದ್ದು ಕಣ್ಣು, ಅಂದರೆ ಗೆಣ್ಣಿನ ಮೇಲಿನ ಮೊಗ್ಗು, ಮತ್ತು ಅದರ ಸುತ್ತಲಿನ ಒಂದಿಷ್ಟು ತಿರುಳು. ಉಳಿದ ಜಲ್ಲೆಯೆಲ್ಲ ನೆಲದಲ್ಲಿ ಕೊಳೆಯುತ್ತದೆ.

2009ರಲ್ಲಿ ಹೈದರಾಬಾದಿನ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಮತ್ತು ಪರಿಸರ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್ ಸೇರಿ ಮುಂದಿಟ್ಟ ಸುಸ್ಥಿರ ಕಬ್ಬು ಪದ್ಧತಿಯ ಜೀವಾಳ ಇದೇ. ಕಣ್ಣನ್ನಷ್ಟೇ ಚಿಪ್ಪಿನ ಹಾಗೆ ತೆಗೆದು, ಟ್ರೇಯಲ್ಲಿ ತೆಂಗಿನ ನಾರಿನ ಪುಡಿ ತುಂಬಿ ಮೊಳೆಸಿ, 25ರಿಂದ 35 ದಿನದ ಸಸಿಯನ್ನು ಐದಡಿ ಸಾಲಿನಲ್ಲಿ ಎರಡಡಿಗೊಂದರಂತೆ ನೆಡುವುದು. ಐದು ಎರಡಲೆ ಹತ್ತು ಚದರಡಿಗೆ ಒಂದು ಸಸಿ, ಎಕರೆಗೆ 4,356. ಸಾಯುವ ಮೊಳಕೆ ಸೇರಿಸಿ 5,000 ಕಣ್ಣು ಸಾಕು. ಕಣ್ಣು ತೆಗೆದ ಜಲ್ಲೆ ಆಲೆಮನೆಗೆ ಹೋಗುತ್ತದೆ.

ನಾಲೆ ಕೊನೆಯ ಹಳ್ಳಿಯವರಿಗೆ ಇದರಲ್ಲಿ ಇನ್ನೊಂದು ಅನುಕೂಲ ಇದೆ. ಸಸಿ ಟ್ರೇಯಲ್ಲಿರುವ ಒಂದು ತಿಂಗಳು ಎಕರೆ ಗದ್ದೆಗೆ ನೀರು ಬೇಡ, ಹಿತ್ತಲಿನ ಬಿಂದಿಗೆ ನೀರಲ್ಲಿ ಆಗುತ್ತದೆ. ಆ ತಿಂಗಳಲ್ಲಿ ಗದ್ದೆಗೆ ಅಲಸಂದೆಯನ್ನೋ ಹಸಿರೆಲೆ ಗೊಬ್ಬರದ ಸೆಣಬನ್ನೋ ಬಿತ್ತಿಕೊಳ್ಳಬಹುದು.

ಆದರೆ ಸಸಿ ಎಂದ ಮಾತ್ರಕ್ಕೆ ಒಳ್ಳೆಯದು ಎಂದುಕೊಳ್ಳಬೇಡಿ. ಒಂದು ವರ್ಷ ನಾವು ಪಕ್ಕದ ತಾಲ್ಲೂಕಿನ ನರ್ಸರಿಯಿಂದ ಸಸಿ ತಂದೆವು. ನೋಡಲು ಎದೆಯುಬ್ಬುವ ಹಾಗಿತ್ತು, ಎಲ್ಲ ಒಂದೇ ಎತ್ತರ. ತನಿ ಬೆಳೆಯಲ್ಲಿ ಅಲ್ಲೊಂದು ಇಲ್ಲೊಂದು ಬುಡ ಹುಲ್ಲಿನ ಪೊದೆಯ ಹಾಗೆ ಸಣಕಲು ಮರಿಗಳನ್ನು ಹೊಡೆದಾಗ ಯಾರೂ ಲಕ್ಷ್ಯ ಕೊಡಲಿಲ್ಲ. ಮೊದಲ ಕೂಳೆಯಲ್ಲಿ ಸಾಲು ಸಾಲೇ ಹಾಗಾಯಿತು, ಬಿಳಿಚಿದ ಎಲೆ, ಜಲ್ಲೆಯೇ ಇಲ್ಲ. ಆಮೇಲೆ ತಿಳಿದದ್ದು, ಸಸಿ ಮಾಡಿದ್ದು ಕೂಳೆ ಕಬ್ಬಿನ ಕಣ್ಣಿನಿಂದ. ಬಿತ್ತನೆಯಲ್ಲಿ ಅಡಗಿ ಬರುವ ರೋಗ ಅದು, ಗದ್ದೆಗೆ ಬಂದ ಮೇಲೆ ಔಷಧಿ ಇಲ್ಲ. ಬುಡ ಸಮೇತ ಕಿತ್ತು ಸುಡಬೇಕು. ನಾನು ಬೆಂಕಿಗೆ ಒಪ್ಪುವುದು ಇಲ್ಲಿ ಮಾತ್ರ.

ಆದ್ದರಿಂದ ನರ್ಸರಿಗೆ ಹೋದಾಗ ಸಸಿಯ ಎತ್ತರ ನೋಡುವ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ತಾಯಿ ಕಬ್ಬು ತನಿಯೋ ಕೂಳೆಯೋ? ವಯಸ್ಸು ಎಷ್ಟು? ಆರರಿಂದ ಎಂಟು ತಿಂಗಳಿನದಾದರೆ ಚೆನ್ನು. ಬಿಸಿನೀರಿನ ಉಪಚಾರ ಆಗಿದೆಯೋ? 50 ಡಿಗ್ರಿಯ ನೀರಲ್ಲಿ ಎರಡು ಗಂಟೆ ಇಡುವುದು ಇಂಥ ರೋಗಗಳನ್ನು ತಗ್ಗಿಸಲು ವಿಜ್ಞಾನಿಗಳು ಹೇಳುವ ಕ್ರಮ. ಉತ್ತರ ತಡವರಿಸಿದರೆ ಎದ್ದು ಬನ್ನಿ. ಸಸಿಯ ಬೆಲೆ ಒಂದು ರೂಪಾಯಿ ಏರಿದರೆ ಎಕರೆಗೆ 4,356 ರೂಪಾಯಿ ಹೆಚ್ಚು ಬೀಳುತ್ತದೆ ನಿಜ, ಆದರೆ ಒಂದು ಕೂಳೆ ಹೋದರೆ ಹೋಗುವುದು ಅದರ ಎಷ್ಟೋ ಪಟ್ಟು.

ಟ್ರೇ, ನೆರಳುಬಲೆ ಯಾವುದೂ ಬೇಡ ಎನ್ನುವವರಿಗೆ ಒಂಟಿ ಕಣ್ಣಿನ ತುಂಡನ್ನು ಅಗಲ ಸಾಲಿನಲ್ಲಿ ನಾಟಿ ಮಾಡುವುದು ನಡುದಾರಿ. ನೀರು ನಂಬಿಕೆಯಾಗಿ ಬರುವ ಗದ್ದೆಗೆ ಇದು ಸಾಕು. ತುಂಡು ನೆಟ್ಟ ಮೂರನೇ ವಾರಕ್ಕೆ ನೀರು ನಿಲ್ಲುವ ಸಂಭವ ಇದ್ದರೆ ಸಸಿಯೇ ವಾಸಿ.

ತಳಿ: ತೂಕವೋ, ಸಿಹಿಯೋ

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. 1912ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬು ತಳಿ ಸಂಸ್ಥೆ ಶುರುವಾಯಿತು. ಅಲ್ಲಿ ದಪ್ಪ ಜಲ್ಲೆಯ ಸಿಹಿ ಕಬ್ಬನ್ನು ಹೊಳೆದಂಡೆಯ ಸಣಕಲು ಕಾಡುಕಬ್ಬಿನ ಜೊತೆ ಸಂಕರ ಮಾಡಿದರು. 1918ರಲ್ಲಿ ಹೊರಬಂದ ಕೋ 205 ಆ ದಾರಿಯ ಮೊದಲ ತಳಿ. ಸಿಹಿ ಸಾಕಿದ ಕಬ್ಬಿನದು. ರೋಗ ತಡೆಯುವ, ಬರ ತಡೆಯುವ, ಕಡಿದಷ್ಟೂ ಬುಡದಿಂದ ಮತ್ತೆ ಚಿಗುರುವ ಛಲ ಕಾಡಿನದು. ಇವತ್ತು ನಾವು ಕಾಯುವ ಕೂಳೆ ಆ ಕಾಡುಕಬ್ಬಿನ ಋಣ.

ಮಂಡ್ಯದಲ್ಲಿ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರ 1931ರಲ್ಲಿ, ಮೈಷುಗರ್ ಸಕ್ಕರೆ ಕಾರ್ಖಾನೆ 1933ರಲ್ಲಿ ಬಂದವು. ಕನ್ನಂಬಾಡಿ ನೀರು ಬಂದ ಕೂಡಲೇ ಸಂಶೋಧನೆಯೂ ಕಾರ್ಖಾನೆಯೂ ಅಕ್ಕಪಕ್ಕ ನಿಂತದ್ದು ಈ ಜಿಲ್ಲೆಯ ಪುಣ್ಯ. ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆ ಕಟ್ಟಿದ ಲೆಸ್ಲಿ ಕೋಲ್ಮನ್ ಅವರ ಹೆಸರು ಎರಡರ ಜೊತೆಗೂ ಸೇರಿಕೊಂಡಿದೆ.

ಈಗ ಆಯ್ಕೆಗೆ ಬರೋಣ. ನಮ್ಮ ಕಡೆ ಮುಖ್ಯವಾಗಿ ಮೂರು ಹೆಸರು ಓಡಾಡುತ್ತವೆ. ಕೋ 62175, ಅಂದರೆ 1962ರ ಸಾಲಿನದು: ತೂಕಕ್ಕೆ ಹೆಸರುವಾಸಿ, ಮಾಗುವುದು ನಿಧಾನ, ಬೀಳುವ ಸ್ವಭಾವ ಇದೆ. ಕೋ 86032: ರಸದಲ್ಲಿ ಸಕ್ಕರೆ ಹೆಚ್ಚು, ಅಗಲ ಸಾಲಿಗೆ ಒಗ್ಗುತ್ತದೆ, ಕೂಳೆ ಚೆನ್ನಾಗಿ ಬರುತ್ತದೆ, ಬೆಲ್ಲಕ್ಕೂ ಒಳ್ಳೆಯದು. ಆದರೆ ಹಳೆಯ ಬಿತ್ತನೆಯನ್ನೇ ಮತ್ತೆ ಮತ್ತೆ ಹಾಕಿದರೆ ಎಲೆಯ ನಡುನರ ಹಳದಿ ತಿರುಗುವ ರೋಗ ಸೇರಿಕೊಂಡು ಸೊರಗುತ್ತದೆ. ಮೂರನೆಯದು ವಿ.ಸಿ. ಫಾರಂನಲ್ಲೇ ಹುಟ್ಟಿದ ವಿಸಿಎಫ್ 0517, ಈಚಿನ ವರ್ಷಗಳಲ್ಲಿ ದಕ್ಷಿಣ ಕರ್ನಾಟಕದ ಗದ್ದೆಗಳಲ್ಲಿ ವೇಗವಾಗಿ ಹಬ್ಬಿರುವುದು.

ರೈತರು ತೂಕದ ತಳಿಯನ್ನೇ ಹಿಡಿದುಕೊಂಡಿರುವುದಕ್ಕೆ ಕಾರಣ ದರದ ಲೆಕ್ಕದಲ್ಲಿದೆ. ಕಾರ್ಖಾನೆ ರೈತರಿಗೆ ಕೊಡಲೇಬೇಕಾದ ಕನಿಷ್ಠ ದರ ಎಂದು ಕೇಂದ್ರ ಸರ್ಕಾರ ಗೊತ್ತು ಮಾಡುವ ಎಫ್‌ಆರ್‌ಪಿ 2025-26ಕ್ಕೆ ಶೇ 10.25 ಸಕ್ಕರೆ ಇಳುವರಿಗೆ (ನೂರು ಕಿಲೋ ಕಬ್ಬಿಗೆ 10.25 ಕಿಲೋ ಸಕ್ಕರೆ) ಕ್ವಿಂಟಾಲಿಗೆ 355 ರೂಪಾಯಿ. ಶೇ 9.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ 329.05. ಟನ್ನಿಗೆ 259 ರೂಪಾಯಿ 50 ಪೈಸೆ ವ್ಯತ್ಯಾಸ, ಎಕರೆಗೆ 40 ಟನ್ ಬೆಳೆದರೆ 10,380 ರೂಪಾಯಿ. ಆದರೆ ಈ ಇಳುವರಿ ಲೆಕ್ಕ ಇಡೀ ಕಾರ್ಖಾನೆಯ ಸರಾಸರಿಯದು. ನಾನೊಬ್ಬ ಸಿಹಿ ಕಬ್ಬು ಬೆಳೆದರೆ ನನಗೆ ಹೆಚ್ಚು ಸಿಗುವುದಿಲ್ಲ, ನನ್ನ ಲಾರಿ ತೂಗುವುದು ತೂಕವನ್ನು. ಊರಿಗೂರೇ, ಕಾರ್ಖಾನೆಯ ವ್ಯಾಪ್ತಿಯೇ ಸೇರಿ ಬದಲಿಸಿದರೆ ಮಾತ್ರ ಆ ಹತ್ತು ಸಾವಿರ ಎಲ್ಲರ ಮನೆಗೆ ಬರುತ್ತದೆ. ಇದು ಒಬ್ಬ ರೈತನ ಕೈ ಮೀರಿದ್ದು. ಕಾರ್ಖಾನೆಯವರೂ ರೈತ ಸಂಘದವರೂ ಕೂತು ಮಾತಾಡಬೇಕಾದ ವಿಷಯ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಆಲೆಮನೆಗೆ ಕೊಡುವವರ ಲೆಕ್ಕವೇ ಬೇರೆ. ಅಲ್ಲಿ ಕೊಪ್ಪರಿಗೆಯಲ್ಲಿ ಕುದಿಯುವುದು ನಿಮ್ಮದೇ ರಸ, ಸಿಹಿ ಹೆಚ್ಚಿದ್ದರೆ ಅಚ್ಚೂ ಹೆಚ್ಚು, ಅದೂ ನಿಮ್ಮದೇ. ಅಂಥವರಿಗೆ 86032 ಎಂದು ಯೋಚಿಸದೆ ಹೇಳುತ್ತೇನೆ. ಬೆಲ್ಲದ ಬಣ್ಣ ತಿಳಿಯಾಗಿಸುವ ಹೈಡ್ರೋಸ್ ಎಂಬ ರಾಸಾಯನಿಕ ಹಾಕದೆ, ಬೆಂಡೆ ಗಿಡದ ಲೋಳೆಯಿಂದ ಕೊಳೆ ತೆಗೆದು ಬೆಲ್ಲ ಮಾಡುವ ಆಲೆಮನೆ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು. ದುಡ್ಡು ಬೇಗ ಕೈಗೆ ಬರುತ್ತದೆ, ದರ ಮಾತ್ರ ಆ ದಿನದ ಮಾರುಕಟ್ಟೆಯದು. ಕಾರ್ಖಾನೆಯಲ್ಲಿ ದರ ಗೊತ್ತಿರುತ್ತದೆ, ದುಡ್ಡು ತಡವಾಗುವ ಸಂಭವ ಇದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನದೊಳಗೆ ಪಾವತಿಯಾಗಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ ಸೇರಬೇಕು. ಕಬ್ಬು ತೂಗಿದ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ತಳಿ ಯಾವುದೇ ಇರಲಿ, ಇಡೀ ಊರು ಒಂದೇ ತಳಿಗೆ ಬೀಳುವುದು ಬೇಡ. ಉತ್ತರ ಪ್ರದೇಶದಲ್ಲಿ ಕೋ 0238 ಎಂಬ ಅದ್ಭುತ ತಳಿ ಬಹುಪಾಲು ಗದ್ದೆಗಳನ್ನು ಆವರಿಸಿತ್ತು. ಕೆಂಪು ಕೊಳೆ ರೋಗ ಅದನ್ನು ಹಿಡಿದಾಗ ಜಿಲ್ಲೆ ಜಿಲ್ಲೆಗಳೇ ನಡುಗಿದವು. ಎಕರೆ ಇದ್ದರೆ ಮೂವತ್ತು ಗುಂಟೆಗೆ ಒಂದು, ಹತ್ತು ಗುಂಟೆಗೆ ಇನ್ನೊಂದು ಹಾಕಿ ನೋಡಿ. ನಿಮ್ಮದೇ ಮಣ್ಣಿನಲ್ಲಿ ಎರಡನೇ ಕೂಳೆ ಹೇಗೆ ಬರುತ್ತದೆ ಎಂದು ಕಂಡುಕೊಂಡು ಮುಂದುವರಿಯಿರಿ.

ನೀರು: ಹಾಯಿಸುವುದೋ, ಹನಿಸುವುದೋ

ಕಬ್ಬಿಗೆ ಬೆಳೆಯ ಅವಧಿಯಲ್ಲಿ 1,500ರಿಂದ 2,500 ಮಿಲಿಮೀಟರ್ ನೀರು ಬೇಕು. ಮಂಡ್ಯದಲ್ಲಿ ವರ್ಷಕ್ಕೆ ಬೀಳುವ ಮಳೆ 700ರ ಆಸುಪಾಸು. ಎಕರೆ ಮೇಲೆ ಒಂದು ಮಿಲಿಮೀಟರ್ ನಿಂತರೆ 4,047 ಲೀಟರ್. ಅಷ್ಟೂ ಮಳೆ ಬೆಳೆಗೇ ಸಿಕ್ಕಿತು ಎಂದುಕೊಂಡರೂ ಕಡಿಮೆಯೆಂದರೆ 800 ಮಿಲಿಮೀಟರ್ ನಾವು ಕೊಡಬೇಕು, ಅಂದರೆ 32 ಲಕ್ಷ ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 540. 2023ರಲ್ಲಿ ಕನ್ನಂಬಾಡಿ ತುಂಬದೇ ಹೋದಾಗ ಈ ಲೆಕ್ಕದ ಭಾರ ಎಲ್ಲರಿಗೂ ಗೊತ್ತಾಯಿತು.

ಹನಿ ನೀರಾವರಿಯಿಂದ ಮೂರನೇ ಒಂದರಿಂದ ಅರ್ಧದಷ್ಟು ನೀರು ಉಳಿಯುತ್ತದೆ ಎಂದು ಪ್ರಯೋಗಗಳು ಹೇಳುತ್ತಾ ಬಂದಿವೆ. ಗೊಬ್ಬರವನ್ನೂ ನೀರಿನ ಜೊತೆ ವಾರವಾರ ಸ್ವಲ್ಪ ಸ್ವಲ್ಪ ಕೊಡಬಹುದು. ಹೆಕ್ಟೇರಿಗೆ 250 ಕಿಲೋ ಸಾರಜನಕ ಎಂದರೆ ಎಕರೆಗೆ ಸುಮಾರು ಐದು ಮೂಟೆ ಯೂರಿಯಾ. ಅದನ್ನು ಎರಡು ಮೂರು ಸಲಕ್ಕೆ ಎರಚಿ ನೀರು ಹಾಯಿಸಿದರೆ ಒಂದು ಪಾಲು ಬಸಿಗಾಲುವೆ ಸೇರುತ್ತದೆ.

ಹಾಗಾದರೆ ಕೊನೆಗೆ ಯಾಕೆ ಇಟ್ಟೆ? ಪೈಪಿನ ಲೆಕ್ಕ ನೋಡಿ. ಮೂರಡಿ ಸಾಲಿಗೆ ಎಕರೆಗೆ ಸುಮಾರು 4,400 ಮೀಟರ್ ಪೈಪು ಬೇಕು, ಐದಡಿ ಸಾಲಿಗೆ 2,650 ಸಾಕು. ಸಾಲು ಅಗಲ ಮಾಡದೆ ಪೈಪು ತಂದರೆ ದುಡ್ಡು ದಂಡ. ತರಗು ಸುಡುವ ಚಾಳಿ ಬಿಡದೆ ತಂದರೆ ಪೈಪೇ ದಂಡ. ನಾಲೆ ನೀರು ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ಬರುವ ಕಡೆ ಎರಡು ದಿನಕ್ಕೊಮ್ಮೆ ಹನಿಸಲು ಬೋರೋ ಕೃಷಿ ಹೊಂಡವೋ ಇರಲೇಬೇಕು. ನಾಲೆ ನೀರಿನ ಪಾಚಿ, ಮಣ್ಣಿಗೆ ಮರಳಿನ ಫಿಲ್ಟರ್ ಬೇಕು. ಕಟಾವಿಗೆ ಮೊದಲು ಪೈಪು ಸುತ್ತಿಡುವ ಕೆಲಸವೂ ಇದೆ, ಇಲ್ಲದಿದ್ದರೆ ಮಚ್ಚಿನ ಏಟಿಗೆ, ಟ್ರ್ಯಾಕ್ಟರ್ ಚಕ್ರಕ್ಕೆ ಸಿಗುತ್ತದೆ.

ಬೋರು ನಂಬಿದವರಿಗೆ, ಎತ್ತರದ ಕೆಮ್ಮಣ್ಣಿನ ಗದ್ದೆಯವರಿಗೆ ಹನಿ ನೀರಾವರಿ ಬಿಟ್ಟು ಬೇರೆ ದಾರಿ ಇಲ್ಲ, ಸಾಲವಾದರೂ ಮಾಡಿಸಿಕೊಳ್ಳಿ. ಸಹಾಯಧನ ಈ ವರ್ಷ ಎಷ್ಟಿದೆ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಕೊಂಡೇ ಅಂಗಡಿಗೆ ಹೋಗಿ. ಭತ್ತದ ಬಯಲಿನ ನಡುವೆ ತಗ್ಗಿನಲ್ಲಿ ಕಬ್ಬು ಇರುವವರು ಮೊದಲು ಬಸಿಗಾಲುವೆ ತೆಗೆಸಿ, ಇಲ್ಲದಿದ್ದರೆ ಮಣ್ಣು ಚೌಳಾಗುತ್ತದೆ. ಎರಡರ ನಡುವೆ ಇರುವ ನಮ್ಮಂಥವರಿಗೆ ಕಾಸಿಲ್ಲದ ಉಪಾಯ ಸಾಲು ಬಿಟ್ಟು ಸಾಲಿಗೆ ನೀರು: ಈ ಸರದಿಯಲ್ಲಿ ಒಂದು ಸಾಲಿಗೆ, ಮುಂದಿನ ಸರದಿಯಲ್ಲಿ ಪಕ್ಕದ ಸಾಲಿಗೆ. ತರಗು ಹೊದಿಸಿದ ಗದ್ದೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಮರಿ ಹೊಡೆಯುವ ಎರಡರಿಂದ ನಾಲ್ಕನೇ ತಿಂಗಳಲ್ಲಿ ಮಾತ್ರ ನೀರಿನಲ್ಲಿ ಕೈ ಹಿಡಿಯಬೇಡಿ.

ಕಟಾವಿನ ದಿನ

ಕಟಾವಿನ ಪರ್ಮಿಟ್ ಬಂದ ಸಂಜೆಯೇ ಗ್ಯಾಂಗಿನ ಮೇಸ್ತ್ರಿಯನ್ನು ಗದ್ದೆಗೆ ಕರೆದುಕೊಂಡು ಹೋಗಿ ಟೀ ಕುಡಿಸಿ ಎರಡು ಮಾತು ಹೇಳಿ. ನೆಲಕ್ಕೆ ಮಟ್ಟಸವಾಗಿ ಕಡಿಯಬೇಕು: ಅತಿ ಸಿಹಿ ಇರುವುದು ಬುಡದ ಗೆಣ್ಣಿನಲ್ಲಿ, ಮೇಲೆ ಬಿಟ್ಟ ಮೋಟಿನಿಂದ ಬರುವ ಚಿಗುರಿಗೆ ಸ್ವಂತ ಬೇರು ಹಿಡಿಯುವುದೂ ಕಷ್ಟ. ಆಮೇಲೆ, ಕಡಿದು ಮುಗಿಸಿ ಬೀಡಿ ಹಚ್ಚುವಾಗ ತರಗಿನ ಹತ್ತಿರ ಕಡ್ಡಿ ಗೀರಬಾರದು. ಕಡಿದ ಕಬ್ಬು 24 ಗಂಟೆಯೊಳಗೆ ಗಾಣಕ್ಕೆ ಬೀಳುವ ಹಾಗೆ ಲಾರಿಯನ್ನೂ ಅವತ್ತೇ ಗೊತ್ತು ಮಾಡಿಕೊಳ್ಳಿ, ಬಿಸಿಲಲ್ಲಿ ಬಿದ್ದಷ್ಟೂ ತೂಕವೂ ಸಿಹಿಯೂ ಇಳಿಯುತ್ತವೆ.

ಕಟಾವಿಗೆ ಒಂದು ತಿಂಗಳು ಮೊದಲೇ ನಮ್ಮ ಮನೆ ಹಿತ್ತಲಲ್ಲಿ ಮೂರು ನಾಲ್ಕು ಟ್ರೇ ಸಸಿ ಇಡುತ್ತೇವೆ. ಕಣ್ಣು ಮೇಲಾಗುವ ಹಾಗೆ ಓರೆಯಾಗಿ ಕೂರಿಸಿ, ನಾರಿನ ಪುಡಿ ಮುಚ್ಚಿ, ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹಾಳೆ ಸುತ್ತಿ ಆರು ದಿನ ಬಿಟ್ಟರೆ ಬಿಳಿ ಮೊಳಕೆ ಇಣುಕುತ್ತದೆ. ಅಮ್ಮ ದಿನಾ ಬೆಳಿಗ್ಗೆ ಹಾಳೆ ಸರಿಸಿ ನೋಡುತ್ತಾರೆ. ಕೂಳೆಯಲ್ಲಿ ಎರಡಡಿಗಿಂತ ಹೆಚ್ಚು ಖಾಲಿ ಬಿದ್ದ ಕಡೆಗೆಲ್ಲ ಆ ಸಸಿ ಹೋಗುತ್ತದೆ. ಈ ಸಲ ನಮ್ಮದು ಮೂರನೇ ಕೂಳೆ, ನೂರಿಪ್ಪತ್ತು ಸಸಿ ಬೇಕಾಯಿತು.